ಲೂಯಿಯ ಪೆಟ್ಟಿಗೆಗೆ ಬೀಟೆಯ ತೇಪೆ

ಕುವೈತಿಗೆ ಹೋದವರನ್ನೆಲ್ಲ ಏನೋ ಒಂದು ಕರೆಸಿಕೊಂಡಿರುತ್ತದೆ. ಕೆಲವರನ್ನು ಎಣ್ಣೆ, ಕೆಲವರನ್ನು ಆಸ್ಪತ್ರೆ, ಕೆಲವರನ್ನು ಬ್ಯಾಂಕು. ನನ್ನನ್ನು ಕರೆಸಿಕೊಂಡದ್ದು ಎಳೆದು ತೆರೆಯುವ ಮೂರು ಖಾನೆಯ ಒಂದು ಪೆಟ್ಟಿಗೆ. ಅದಕ್ಕೆ ಹುಷಾರಿರಲಿಲ್ಲ.

ನಾನು ಮೈಸೂರಿನಲ್ಲಿ ಮೂವತ್ತು ವರ್ಷದಿಂದ ಇನ್‌ಲೇ ಕೆಲಸ ಕಲಿಸುವ ಮೇಷ್ಟ್ರು. ಬೀಟೆಯ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರು ಕೂಡಿಸಿ ಆನೆ, ನವಿಲು, ದಸರಾ ಮೆರವಣಿಗೆ ಮಾಡುತ್ತೇವಲ್ಲ, ಅದು. ಫ್ರಾನ್ಸಿನವರೂ ಇದನ್ನೇ ಮಾಡುತ್ತಿದ್ದರು. ಆನೆಯ ಬದಲು ಹೂಬುಟ್ಟಿ, ನವಿಲಿನ ಬದಲು ರಿಬ್ಬನ್ನಿನ ಗಂಟು. ಅವರ ಹದಿನಾರನೇ ಲೂಯಿ ಎಂಬ ರಾಜನ ಕಾಲದಲ್ಲಿ ಹಳೆಯ ಗ್ರೀಕರ, ರೋಮನರ ಹುಚ್ಚು ಹಿಡಿದು ಮೇಜು ಕುರ್ಚಿಗಳ ಬಳುಕೆಲ್ಲ ಹೋಗಿ ಗೆರೆಗಳು ನೆಟ್ಟಗಾದವು, ಕಾಲುಗಳು ಕೆಳಗೆ ಬರುತ್ತಾ ಸಣ್ಣಗಾದವು. ಅಷ್ಟೆಲ್ಲ ನೆಟ್ಟಗೆ ಮಾಡಿಸಿದ ರಾಜನ ತಲೆಯನ್ನೇ ಜನ ತೆಗೆದರು. ಕುರ್ಚಿಗಳನ್ನು ಮಾತ್ರ ಉಳಿಸಿಕೊಂಡರು. ಇಷ್ಟು ನನಗೆ ಗೊತ್ತಿದ್ದದ್ದು ನಮ್ಮ ಸಂಸ್ಥೆಯಲ್ಲಿದ್ದ ಒಂದು ಹರಿದ ಚಿತ್ರಪುಸ್ತಕದಿಂದ.

ನಮ್ಮ ಸಂಸ್ಥೆಯ ಗುಮಾಸ್ತರ ಭಾವ ಲಾರೆನ್ಸ್ ಕುವೈತಿನ ವ್ಯಾಪಾರಿಯೊಬ್ಬರ ಹತ್ತಿರ ಮ್ಯಾನೇಜರು. ಅವರು ಒಂದು ಫೋಟೋ ಕಳಿಸಿದ್ದರು. ಹಿಂಬದಿಯಲ್ಲಿ ಮಂಗಳೂರಿನ ದುಂಡು ಅಕ್ಷರದಲ್ಲಿ ಹೀಗಿತ್ತು: "ಇದು ಫ್ರಾನ್ಸಿನ ರಾಜನ ಕಾಲದ್ದಂತೆ. ಮೈಮೇಲಿನ ಚರ್ಮ ಏಳುತ್ತಾ ಉಂಟು. ಮಾಸ್ಟ್ರು ದಯಮಾಡಿ ಬರಬೇಕು."

ಬೇಸಿಗೆ ರಜೆ. ನಾನು ಅದುವರೆಗೆ ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದೆ. ಹೊರಟುಬಿಟ್ಟೆ.

ಬೊಂಬಾಯಿ

ವಿಮಾನ ನಿಲ್ದಾಣದಲ್ಲಿ ನನ್ನ ಟ್ರಂಕಿನ ಹನ್ನೊಂದು ಉಳಿಗಳನ್ನು ಕಂಡು ಅಧಿಕಾರಿಗೆ ಏನೂ ಅನಿಸಲಿಲ್ಲ. ಅನುಮಾನ ಬಂದದ್ದು ಮರವಜ್ರದ ಮೇಲೆ. ಇದು ಚರ್ಮ, ಮೂಳೆ ಬೇಯಿಸಿ ಒಣಗಿಸಿದ ಅಂಟು. ನೋಡಲು ತಾಳೆಬೆಲ್ಲದ ಹಾಗೆಯೇ. ಅವರು ಒಂದು ಮೂಲೆ ಮುರಿದು, ನಾನು ತಡೆಯುವಷ್ಟರಲ್ಲಿ ನಾಲಿಗೆಗೆ ಮುಟ್ಟಿಸಿದರು. ಇದೇನು ಎಂದು ಹಿಂದಿಯಲ್ಲಿ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ನನ್ನ ಉಳಿದ ಸಾಮಾನನ್ನು ಅವರು ತೆರೆಯಲೇ ಇಲ್ಲ.

ಅಬು ಹಲೀಫಾ

ಲಾರೆನ್ಸರ ಮನೆ ಅಬು ಹಲೀಫಾದಲ್ಲಿ, ಮೂರನೇ ಮಹಡಿ. ಅಡುಗೆಮನೆಯ ಕಿಟಕಿಯಲ್ಲಿ ಎರಡು ಕಟ್ಟಡಗಳ ನಡುವೆ ಒಂದು ಗೇಣು ಸಮುದ್ರ ಕಾಣುತ್ತಿತ್ತು. ಗಂಡ ಹೆಂಡತಿ ತಮ್ಮೊಳಗೆ ಕೊಂಕಣಿ, ಮಗಳೊಂದಿಗೆ ಇಂಗ್ಲಿಷು, ಕೆಳಗಿನ ಕಾವಲಿನವನ ಜೊತೆ ಹಿಂದಿ. ಕನ್ನಡವನ್ನು ನನಗೋಸ್ಕರ ಅಲ್ಮೇರಾದಿಂದ ತೆಗೆದು ಇಸ್ತ್ರಿ ಮಾಡಿಟ್ಟಿದ್ದರು.

ಹತ್ತು ವರ್ಷದ ಮಗಳು ಶೆರನ್ ನನ್ನ ಟ್ರಂಕನ್ನು ನೋಡಿ, "ಆರ್ ಯೂ ಎ ಕಾರ್ಪೆಂಟರ್, ಅಂಕಲ್?" ಎಂದಳು.

"ಕಾರ್ಪೆಂಟರ್ ಅಲ್ಲ ಮಗಾ, ಆರ್ಟಿಸ್ಟ್. ಪಪ್ಪನ ಮಾನ ಉಳಿಸ್ಲಿಕ್ಕೆ ಬಂದಿದ್ದಾರೆ" ಎಂದರು ಲಾರೆನ್ಸ್.

ತಮಾಷೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಕಾರಿನಲ್ಲಿ ಅದು ತಮಾಷೆಯಲ್ಲ ಎಂದು ತಿಳಿಯಿತು. ಧಣಿ ಎರಡು ವರ್ಷದ ಹಿಂದೆ ಪ್ಯಾರಿಸಿನಿಂದ ಪೆಟ್ಟಿಗೆ ತಂದಾಗ ಅದನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಲಾರೆನ್ಸರಿಗೆ ವಹಿಸಿದ್ದರು. ಅಂಗಡಿಯವರು ಕೊಟ್ಟ ಕಾಗದದಲ್ಲಿ ಬಿಸಿಲು ತಾಗಿಸಬೇಡಿ ಎಂದಿತ್ತು.

"ಫ್ರಾನ್ಸಿನ ವಸ್ತು ಅಲ್ವಾ ಮಾಸ್ಟ್ರೇ, ಅದಕ್ಕೆ ಫ್ರಾನ್ಸಿನ ಹವೆ ಬೇಕು ಅಂತ ನಾನು ಏಸಿ ಫುಲ್ ಇಟ್ಟೆ. ಎರಡು ವರ್ಷ. ಒಂದು ದಿನ ಬಂದ್ ಮಾಡ್ಲಿಲ್ಲ."

"ಅಯ್ಯೋ, ಅದರಿಂದಲೇ ಮರ ಒಣಗಿರೋದು. ಒಣಗಿದ ಮರ ಕುಗ್ಗತ್ತೆ, ಮೇಲಿನ ತೆಳು ಹಾಳೆ ಏಳತ್ತೆ."

"ಮರ ಒಣಗಿದ್ದು ಇರ್ಲಿ. ಕಫೀಲ್‌ಗೆ ಗೊತ್ತಾದ್ರೆ ನಾನು ಒಣಗ್ತೇನೆ. ಯಾಕೆ ಎದ್ದಿತು ಅಂತ ಕೇಳಿದ್ರೆ ಸಮುದ್ರದ ಗಾಳಿ ಅಂತ ಹೇಳಿ. ಆಗ್ತದಲ್ವಾ?"

ಕಫೀಲ್ ಎಂದರೆ ಬರೀ ಧಣಿಯಲ್ಲ. ಆತ ಹೊಣೆ ನಿಂತರೆ ಮಾತ್ರ ಇಕಾಮಾ, ಅಂದರೆ ಆ ದೇಶದಲ್ಲಿ ಇರುವ ಪರವಾನಗಿ. ಆತ ಕೈಬಿಟ್ಟರೆ ಲಾರೆನ್ಸರ ಕೆಲಸ, ಮೂರನೇ ಮಹಡಿ, ಶೆರನ್‌ಳ ಶಾಲೆ, ಒಂದು ಗೇಣು ಸಮುದ್ರ ಎಲ್ಲ ಖಲಾಸ್. ನಾನು ಆಗಲಿ ಎಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಸಾಲ್ಮಿಯಾ

ಧಣಿಯನ್ನು ಎಲ್ಲರೂ ಅಬು ಯೂಸುಫ್ ಎನ್ನುತ್ತಿದ್ದರು. ಹುಡುಗನಾಗಿದ್ದಾಗ ತಂದೆಯೊಡನೆ ಬೊಂಬಾಯಿಯಲ್ಲಿ ಕೆಲವು ವರ್ಷ ಇದ್ದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿತ್ತು. ನೀರಿನ ಕೊಳವೆ, ನಲ್ಲಿ, ಬಚ್ಚಲ ತೊಟ್ಟಿಗಳ ವ್ಯಾಪಾರ. ಸಾಲ್ಮಿಯಾದ ಮನೆಯ ದೊಡ್ಡ ಹಾಲಿಗೆ ಕರೆದುಕೊಂಡು ಹೋಗಿ ಅವರು ಬಾಗಿಲು ತೆರೆದಾಗ ಒಳಗಿನ ಚಳಿಗೆ ನಾನು ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡೆ.

ನಾಲ್ಕು ಗೋಡೆಗೂ ಕುರ್ಚಿಗಳ ಸಾಲು. ಬಂಗಾರದ ಬಣ್ಣ, ಹಿಂಬದಿಯಲ್ಲಿ ರಿಬ್ಬನ್ನಿನ ಗಂಟು, ಸಪೂರ ಕಾಲು, ಕಾಲ ಮೇಲೆ ಉದ್ದಗೆರೆ. ಎಲ್ಲದಕ್ಕೂ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ನಮ್ಮಲ್ಲಿ ಶೋಕೇಸಿನ ಒಳಗಿಟ್ಟ ಪಿಂಗಾಣಿ ಬಟ್ಟಲಲ್ಲಿ ಯಾರೂ ಚಹಾ ಕುಡಿಯದ ಹಾಗೆ ಅಲ್ಲಿ ಯಾರೂ ಆ ಕುರ್ಚಿಗಳಲ್ಲಿ ಕೂರುತ್ತಿರಲಿಲ್ಲ. ಮನೆಯವರು ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಲೋಡಿಗೆ ಒರಗಿ ಸುಖವಾಗಿದ್ದರು. ನನ್ನನ್ನು ಗೌರವಕ್ಕೆಂದು ಒಂದರಲ್ಲಿ ಕೂರಿಸಿದರು. ಪ್ಲಾಸ್ಟಿಕ್ಕು ಕೆಟ್ಟದಾಗಿ ಸದ್ದು ಮಾಡಿತು. ಮೂವರೂ ಕೇಳಿಸದವರಂತೆ ಇದ್ದೆವು.

ಪೆಟ್ಟಿಗೆ ಕೊನೆಯ ಗೋಡೆಗಿತ್ತು. ನಿಜಕ್ಕೂ ಸುಂದರ. ಮೇಲೆ ಬೂದುಬಣ್ಣದ ಅಮೃತಶಿಲೆ, ಖಾನೆಗಳ ಅಂಚಿಗೆ ಚಿನ್ನದ ನೀರು ಕುಡಿದ ಕಂಚಿನ ಎಲೆಮಾಲೆ, ಮೈತುಂಬ ವಜ್ರಾಕಾರದ ಜಾಲರಿ, ಪ್ರತಿ ಜಾಲರಿಯಲ್ಲೂ ಒಂದು ಪುಟ್ಟ ಹೂವು. ಏಳು ಕಡೆ ಹಾಳೆ ಎದ್ದು ಹಪ್ಪಳದ ಹಾಗೆ ಮುರುಟಿತ್ತು. ಕೆಲವು ಚೂರು ಬಿದ್ದೇಹೋಗಿದ್ದವು.

"ಮಗಳ ನಿಶ್ಚಿತಾರ್ಥ ಹನ್ನೆರಡು ದಿನಕ್ಕೆ. ಊರಿನ ಹೆಂಗಸರೆಲ್ಲ ಈ ಹಾಲಿಗೆ ಬರುತ್ತಾರೆ. ಆಗುತ್ತಾ ಮಿಸ್ತ್ರಿ?" ಎಂದರು ಅಬು ಯೂಸುಫ್.

ಆಗುತ್ತದೆ ಎಂದೆ. ಹಾಗೆ ಹೇಳುವಾಗ ಖಾನೆಯೊಂದನ್ನು ಹೊರಗೆಳೆದು ತಳ ನೋಡುತ್ತಿದ್ದೆ. ಹಲಗೆಯ ಮೇಲೆ ಚಕ್ರಗರಗಸದ ದುಂಡು ಗೀರುಗಳಿದ್ದವು. ಹಿಂಬದಿಯ ಸ್ಕ್ರೂಗಳ ತುದಿ ಚೂಪಾಗಿ, ಸುತ್ತು ಒಂದೇ ಸಮನಾಗಿತ್ತು. ಅಂಥ ಗರಗಸ, ಅಂಥ ಸ್ಕ್ರೂ ಬರುವ ಹೊತ್ತಿಗೆ ಲೂಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಇದು ಅವನ ಕಾಲದ್ದನ್ನು ನೋಡಿ ನೂರು ವರ್ಷದ ಮೇಲೆ ಯಾರೋ ನುರಿತವನು ಮಾಡಿದ ನಕಲು. ಲಾರೆನ್ಸರ ಕಿವಿಯಲ್ಲಿ ಹೇಳಿದೆ. ಅವರು ಕುರ್ಚಿಯ ಹಾಗೆ ನೆಟ್ಟಗಾದರು.

"ಅದೊಂದು ಹೇಳ್ಬೇಡಿ ಮಾರಾಯ್ರೆ. ನನಗೆ ಹೆಂಡ್ತಿ, ಮಗಳು ಉಂಟು."

ನನ್ನನ್ನು ಕರೆಸಿದ್ದು ರೋಗ ನೋಡಲು, ವಯಸ್ಸು ಹೇಳಲು ಅಲ್ಲ ಎಂದುಕೊಂಡು ಸುಮ್ಮನಾದೆ. ಸುಮ್ಮನಾಗುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಮರವಜ್ರ ಕುದಿಸಲು ಅಡುಗೆಮನೆಗೆ ಹೋದಾಗ ಅಡುಗೆಯವರು ಮೂಗು ಮುಚ್ಚಿಕೊಂಡು ಧಣಿಯನ್ನೇ ಕರೆತಂದರು.

"ಇದು ಯಾವ ಪ್ರಾಣಿಯದು?" ಎಂದರು ಅಬು ಯೂಸುಫ್.

"ಎಮ್ಮೆ ಇರಬಹುದು, ದನ ಇರಬಹುದು. ಮಾರುವವರು ಮುಸಲ್ಮಾನರು. ನೀವು ಅಂದುಕೊಂಡದ್ದು ಇರಲಾರದು."

ಅವರಿಗೆ ಸಮಾಧಾನವಾಯಿತು. ಮಧ್ಯಾಹ್ನ ಊಟಕ್ಕೆ ಕರೆದಾಗ ನಾನು ಮಾಂಸ ತಿನ್ನುವುದಿಲ್ಲ ಎಂದೆ. ಅವರು "ತಿನ್ನುವುದಿಲ್ಲ, ಆದರೆ ಮೂವತ್ತು ವರ್ಷದಿಂದ ಬೇಯಿಸುತ್ತಿದ್ದೀಯ" ಎಂದು ನಕ್ಕರು. ಒಲೆಯನ್ನು ತಾರಸಿಗೆ ಸಾಗಿಸಿದೆ. ಆ ಬಿಸಿಲಿಗೆ ಅಲ್ಲಿ ಒಲೆ ಬೇಕೇ ಇರಲಿಲ್ಲ.

ಅರ್ದಿಯಾ

ಬಿದ್ದುಹೋದ ಚೂರುಗಳ ಜಾಗಕ್ಕೆ ಹಳೆಯ ಬೀಟೆ ಬೇಕಿತ್ತು. ಹೊಸ ಮರ ಬಣ್ಣದಲ್ಲಿ ಹೊಂದುವುದಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತದೆ. ಮರದ ಅಂಗಡಿಗಳಲ್ಲಿ ಪ್ಲೈವುಡ್ ಬಿಟ್ಟು ಏನೂ ಇರಲಿಲ್ಲ. ಐದನೇ ದಿನ ಲಾರೆನ್ಸರಿಗೆ ಏನೋ ಹೊಳೆಯಿತು.

"ನಮ್ಮ ಗೋಡೌನ್‌ನಲ್ಲಿ ಒಂದು ಹಳೇ ಕಪ್ಪು ಮರದ ಪೆಟ್ಟಿಗೆ ಉಂಟು. ಚಲೋ, ನೋಡುವ."

ಅರ್ದಿಯಾದ ಆ ಗೋದಾಮಿನಲ್ಲಿ ಬಚ್ಚಲ ತೊಟ್ಟಿಗಳು ಒಂದರ ಮೇಲೊಂದು ಛಾವಣಿಯವರೆಗೆ ನಿಂತಿದ್ದವು. ಮೂಲೆಯಲ್ಲಿ ಕಬ್ಬಿಣದ ಕೊಳವೆಗಳ ಕಟ್ಟು. ಅದರ ಕೆಳಗೆ, ಕೊಳವೆ ನೆಲಕ್ಕೆ ತಾಗದಿರಲಿ ಎಂದು ಇಟ್ಟ ಆಧಾರವಾಗಿ, ಒಂದು ದೊಡ್ಡ ಸಂದೂಕ. ಕೊಳವೆಗಳನ್ನು ಸರಿಸಿ ಬೆರಳಿನಿಂದ ಧೂಳು ಒರೆಸಿದೆ. ಬೀಟೆ. ನಮ್ಮ ಕಡೆಯ ಬೀಟೆಯೇ, ಮೊಳದಗಲದ ಹಲಗೆಗಳು, ಈಗ ಎಲ್ಲಿಯೂ ಸಿಗದಂಥದು. ಮೈಮೇಲೆಲ್ಲ ಹಿತ್ತಾಳೆಯ ಗುಂಡುಮೊಳೆಗಳನ್ನು ಹೊಡೆದು ಹೂವು, ನಕ್ಷತ್ರ ಬಿಡಿಸಿದ್ದರು. ಎಷ್ಟೋ ಮೊಳೆ ಉದುರಿದ್ದವು.

"ಯಾರದು ಇದು?"

"ಯಾರದ್ದೂ ಅಲ್ಲ. ಹಳೇ ಮನೆ ಒಡೆದಾಗ ಬಂದ ಗುಜರಿ. ನಾನು ಬರುವ ಮೊದಲೇ ಇಲ್ಲಿತ್ತು. ಯಲ್ಲಾ, ಬೇಗ ಕೊಯ್ಯಿರಿ."

ನಾನು ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವುದು ಒಂದೇ ಮಾತು: ಯಾವ ವಸ್ತುವಿಗೂ ಉಳಿ ಹಾಕುವ ಮುಂಚೆ ಅದನ್ನು ಮಾಡಿದವನು ಯಾರು, ಯಾರಿಗೋಸ್ಕರ ಮಾಡಿದ ಎಂದು ಕೇಳಿಕೊಳ್ಳಿ. ನಾನು ಒಂದು ಸಲ ಕೇಳಿದೆ, ಉತ್ತರ ಅನುಕೂಲವಾಗಿತ್ತು, ಮತ್ತೆ ಕೇಳಲಿಲ್ಲ. ಹಿಂಬದಿ ಯಾರಿಗೆ ಕಾಣುತ್ತದೆ ಎಂದು ಹಿಂಬದಿಯ ಹಲಗೆಯೊಂದನ್ನು ಬಿಚ್ಚಿ ಹೊರತೆಗೆದೆ. ಒಳಗಿನಿಂದ ಧೂಪದ ವಾಸನೆ ಬಂತು. ಹಲಗೆ ಸೀಸದಷ್ಟು ಭಾರವಿತ್ತು, ಮನಸ್ಸು ಹಗುರವಾಗಿತ್ತು. ದಾರಿಯುದ್ದಕ್ಕೂ ಲಾರೆನ್ಸ್ ಸೀಟಿ ಹಾಕುತ್ತಿದ್ದರು.

ಮತ್ತೆ ಸಾಲ್ಮಿಯಾ

ಮುಂದಿನ ನಾಲ್ಕು ದಿನ ನನ್ನ ಬದುಕಿನ ಒಳ್ಳೆಯ ಕೆಲಸದ ದಿನಗಳು. ಆ ಬೀಟೆಯನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಜಾಲರಿಯ ಆಕಾರಕ್ಕೆ ಕತ್ತರಿಸಿ, ಏಳು ಕಡೆ ಕೂಡಿಸಿದೆ. ಅಂಟು ಹದವಾಗಿ ಕಚ್ಚಲೆಂದು ಏಸಿಯನ್ನು ನಿಲ್ಲಿಸಿದ್ದೆ. ಒಂಬತ್ತನೇ ದಿನ ನನಗೇ ತೇಪೆ ಎಲ್ಲಿದೆ ಎಂದು ಹುಡುಕಬೇಕಾಯಿತು.

ಅಬು ಯೂಸುಫರ ತಾಯಿಯನ್ನು ಮನೆಯವರೆಲ್ಲ ಹಜ್ಜಾ ಎನ್ನುತ್ತಿದ್ದರು. ಎಂಬತ್ತರ ಆಸುಪಾಸು. ದಿನವೂ ಬೆಳಿಗ್ಗೆ ಕೋಲೂರಿಕೊಂಡು ಹಾಲಿನ ಬಾಗಿಲ ಮುಂದೆ ಹಾದುಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಆ ಚಳಿ ಅವರ ಮಂಡಿಗೆ ಆಗದು. ಆ ದಿನ ಚಳಿ ಇಲ್ಲದ್ದರಿಂದ ಬಂದರು. ಫ್ರೆಂಚ್ ಪೆಟ್ಟಿಗೆಯನ್ನು ಒಮ್ಮೆ ನೋಡಿದರು, ಅಷ್ಟೇ. ನೆಲದ ಮೇಲೆ ನಾನು ಕೊಯ್ದು ಬಿಟ್ಟ ಹಲಗೆಯ ತುಂಡೊಂದು ಬಿದ್ದಿತ್ತು. ಅದರ ಅಂಚಿನಲ್ಲಿ ಒಂದು ಹಿತ್ತಾಳೆ ಮೊಳೆ ಉಳಿದಿತ್ತು. ಹಜ್ಜಾ ಕಷ್ಟಪಟ್ಟು ಬಗ್ಗಿ ಅದನ್ನು ಎತ್ತಿಕೊಂಡರು. ಮೂಸಿದರು. ಪ್ಲಾಸ್ಟಿಕ್ ಹೊದಿಕೆಯ ಕುರ್ಚಿಯೊಂದರಲ್ಲಿ ಕೂತುಬಿಟ್ಟರು. ಆಮೇಲೆ ಮೆಲ್ಲಗೆ ಏನೋ ಹೇಳಿದರು. "ಸಂದೂಕ್" ಎಂಬುದೊಂದು ನನಗೆ ಅರ್ಥವಾಯಿತು. ನಮ್ಮಲ್ಲೂ ಅದಕ್ಕೆ ಅದೇ ಹೆಸರು.

ಲಾರೆನ್ಸ್ ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಿಚಿತ್ತು.

"ಏನು ಹೇಳ್ತಿದ್ದಾರೆ?" ಎಂದೆ.

"ಅದು ಅವರ ಮದುವೆ ಸಂದೂಕ ಅಂತೆ. ಅವರ ಗಂಡ ಹಡಗಿನಲ್ಲಿ ಇಂಡಿಯಾದಿಂದ ತಂದದ್ದು. ಮಗ ಅದನ್ನು ಜೋಪಾನವಾಗಿ ಇಡಿಸಿದ್ದೇನೆ ಅಂತ ಇಷ್ಟು ವರ್ಷ ಹೇಳ್ತಾ ಇದ್ದನಂತೆ."

ಹಜ್ಜಾ ದನಿ ಏರಿಸದೆಯೇ ಮುಂದುವರಿಸಿದರು. ಲಾರೆನ್ಸ್ ತಲೆ ತಗ್ಗಿಸಿದರು.

"ಈಗ ಏನಂತೆ?"

"ನನ್ನನ್ನು ಬೈತಾ ಇದ್ದಾರೆ."

"ಏನಂತ?"

"ಅದು ಭಾಷಾಂತರಕ್ಕೆ ಬರುದಿಲ್ಲ ಮಾಸ್ಟ್ರೇ."

ನನ್ನ ಕೈಯಲ್ಲಿ ಇನ್ನೂ ಉಳಿ ಇತ್ತು. ಕೆಳಗಿಟ್ಟೆ. "ಕೊಯ್ದವನು ನಾನು ಅಂತ ಹೇಳಿ. ನೋಡಿದ ಕೂಡಲೇ ಒಳ್ಳೆ ಕೈಕೆಲಸ ಅಂತ ಗೊತ್ತಾಗಿತ್ತು, ಗೊತ್ತಿದ್ದೂ ಕೊಯ್ದೆ ಅಂತ ಹೇಳಿ."

ಲಾರೆನ್ಸ್ ಅರಬ್ಬಿಯಲ್ಲಿ ಹೇಳಿದರು. ಆದರೆ ಹಜ್ಜಾ ಅವರ ಕಣ್ಣು ನನ್ನ ಕಡೆಗೆ ತಿರುಗದೆ ಲಾರೆನ್ಸರ ಮೇಲೆಯೇ ಇತ್ತು. ನನಗೆ ಅನುಮಾನ ಬಂತು.

"ನಾನು ಹೇಳಿದ್ದನ್ನೇ ಹೇಳಿದ್ರಾ?"

"ಇಲ್ಲ. ನಾನು ಕೊಯ್ಲಿಕ್ಕೆ ಹೇಳಿದೆ, ಮಾಸ್ಟ್ರು ಪರಊರಿನವರು, ಅವರಿಗೇನು ಗೊತ್ತು ಅಂತ ಹೇಳಿದೆ."

ಎರಡು ವರ್ಷ ಏಸಿಯ ವಿಷಯ ಮುಚ್ಚಿಟ್ಟು ನಡುಗುತ್ತಿದ್ದ ಮನುಷ್ಯ ಇವರೇ.

ಅಷ್ಟರಲ್ಲಿ ಅಬು ಯೂಸುಫ್ ಬಂದರು. ತಾಯಿ ಮರದ ತುಂಡನ್ನು ಮಗನ ಕೈಗಿತ್ತರು. ಅವರು ಅದನ್ನು ತಿರುಗಿಸಿ ನೋಡಿ ಗುರುತು ಹಿಡಿದರು. ಹಳೆಯ ಮನೆ ಸಮುದ್ರದ ಪಕ್ಕದಲ್ಲಿತ್ತಂತೆ. ರಸ್ತೆಗೆಂದು ಸರಕಾರ ಅದನ್ನು ಕೊಂಡು ಕೆಡವಿದಾಗ ಸಾಮಾನೆಲ್ಲ ಗೋದಾಮಿಗೆ ಹೋಯಿತು. ಆಮೇಲೆ ಅವರು ಒಂದು ಸಲವೂ ಹೋಗಿ ನೋಡಿರಲಿಲ್ಲ. ಈಗ ಕಳೆದುಕೊಂಡವರು ಕುರ್ಚಿಯಲ್ಲಿ, ಮರೆತವನು, ಕೊಯ್ಯಿಸಿದವನು, ಕೊಯ್ದವನು ಎದುರಿಗೆ ಸಾಲಾಗಿ ನಿಂತಿದ್ದೆವು.

ಹಜ್ಜಾ ಕೋಲಿನಿಂದ ಫ್ರೆಂಚ್ ಪೆಟ್ಟಿಗೆಯನ್ನು ತೋರಿಸಿ ಒಂದೇ ಮಾತು ಹೇಳಿದರು. ಅಬು ಯೂಸುಫರೇ ಅದನ್ನು ನನಗೆ ಹಿಂದಿಯಲ್ಲಿ ಹೇಳಿದರು. "ನನ್ನದರಿಂದ ತೆಗೆದು ಅದಕ್ಕೆ ಹಾಕಿದ್ದೀರಿ. ಈಗ ಅದರಿಂದ ತೆಗೆದು ನನ್ನದಕ್ಕೆ ಹಾಕಿ ಅನ್ನುತ್ತಾರೆ." ನಂತರ ತಮ್ಮದೇ ದನಿಯಲ್ಲಿ ಕೇಳಿದರು. "ಇದು ರಾಜನ ಕಾಲದ್ದು ಮಿಸ್ತ್ರಿ. ಹಿಂದಿನ ಹಲಗೆ ತೆಗೆದರೆ ಹಾಳಾಗುವುದಿಲ್ಲವಾ?"

ಸುಮ್ಮನಿರಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಲಾರೆನ್ಸರ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಹಜ್ಜಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದು ರಾಜನ ಕಾಲದ್ದಲ್ಲ. ನೂರು ವರ್ಷ ಆಮೇಲಿನದು. ಒಳ್ಳೆಯ ಕೆಲಸ, ಆದರೆ ನಕಲು. ಸಂದೂಕ ಯಾವುದರ ನಕಲೂ ಅಲ್ಲ" ಎಂದು, ಖಾನೆ ತೆಗೆದು ಗರಗಸದ ಗೀರುಗಳನ್ನು ತೋರಿಸಿದೆ.

ಅವರು ಬಹಳ ಹೊತ್ತು ಆ ಗೀರುಗಳ ಮೇಲೆ ಬೆರಳಾಡಿಸಿದರು. "ಯಾರಿಗೆಲ್ಲ ಗೊತ್ತು?"

"ನನಗೆ, ಲಾರೆನ್ಸರಿಗೆ, ಈಗ ನಿಮಗೆ."

"ಪ್ಯಾರಿಸಿನ ಅಂಗಡಿಯವನಿಗೂ ಗೊತ್ತಿದ್ದಿರಬೇಕು" ಎಂದರು. ಆಮೇಲೆ, "ಹಾಗಾದರೆ ಹಾಳೆ ಎದ್ದದ್ದು ನಕಲಾದ್ದರಿಂದಲಾ?"

ಸಮುದ್ರದ ಗಾಳಿ ಎನ್ನಲು ನಾನು ಬಾಯಿ ತೆರೆದೆ. ಆ ಹೊತ್ತಿಗೆ ಅದನ್ನು ಹೇಳಲು ತಯಾರಾಗಿಯೇ ಇದ್ದೆ. ಲಾರೆನ್ಸ್ ಅವಕಾಶ ಕೊಡಲಿಲ್ಲ.

"ಏಸಿಯಿಂದ ಸಾರ್. ನಾನೇ ಫುಲ್ ಇಟ್ಟದ್ದು. ಫ್ರಾನ್ಸಿನ ಹವೆ ಬೇಕು ಅಂತ."

ಅಬು ಯೂಸುಫ್ ಅವರನ್ನು ದಿಟ್ಟಿಸಿದರು. "ನೀನು ಇಟ್ಟದ್ದಾ? ಎರಡು ವರ್ಷದಿಂದ ಈ ಕೋಣೆಗೆ ಬಂದಾಗಲೆಲ್ಲ ನನಗೂ ಚಳಿ. ಫ್ರಾನ್ಸಿನವರು ಹೇಳಿದ್ದಾರೆ ಅಂದುಕೊಂಡು ಸಹಿಸಿಕೊಂಡೆ."

ಅವರು ಅದನ್ನು ತಾಯಿಗೂ ಹೇಳಿದರು. ಹಜ್ಜಾ ನಗಲಿಲ್ಲ, ಆದರೆ ಕೋಲನ್ನು ನೆಲಕ್ಕಿಟ್ಟರು. ಲಾರೆನ್ಸರ ಇಕಾಮಾ ಉಳಿಯಿತು. ಶಿಕ್ಷೆಯೆಂದರೆ ಕೂಲಿಯವರೊಂದಿಗೆ ತಾವೂ ಒಂದು ಮೂಲೆ ಹಿಡಿದು ಆ ಸಂದೂಕವನ್ನು ಅರ್ದಿಯಾದಿಂದ ತಂದು ಹಾಲಿನ ಮಧ್ಯೆ ಇಡಬೇಕಾಯಿತು. ಮೂರು ದಿನ ಸೊಂಟ ಹಿಡಿದುಕೊಂಡು ಓಡಾಡಿದರು.

ನಾನು ಫ್ರೆಂಚ್ ಪೆಟ್ಟಿಗೆಯ ಬೆನ್ನಿನಿಂದ ಓಕ್ ಮರದ ಒಂದು ಹಲಗೆ ಬಿಚ್ಚಿ ಸಂದೂಕಕ್ಕೆ ಕೂಡಿಸಿದೆ. ಫ್ರೆಂಚ್ ಪೆಟ್ಟಿಗೆಗೆ ಪೇಟೆಯ ಪ್ಲೈವುಡ್ ಹಾಕಿ ಗೋಡೆಗೆ ತಿರುಗಿಸಿ ನಿಲ್ಲಿಸಿದೆ. ಕಪ್ಪು ಬೀಟೆಯ ಪಕ್ಕದಲ್ಲಿ ಓಕ್ ಬೆಳ್ಳಗೆ ಎದ್ದು ಕಾಣುತ್ತಿತ್ತು. ಬಣ್ಣ ಹಚ್ಚಿ ಹೊಂದಿಸುತ್ತೇನೆ ಎಂದೆ. ಬೇಡ, ಕಾಣಲಿ ಎಂದರು ಹಜ್ಜಾ.

ಹೊರಡುವ ದಿನ

ನಿಶ್ಚಿತಾರ್ಥಕ್ಕೆ ಗಂಡಸರಿಗೆ ಆ ಹಾಲಿನೊಳಗೆ ಪ್ರವೇಶವಿರಲಿಲ್ಲ. ಲಾರೆನ್ಸರ ಹೆಂಡತಿ ಫಿಲೋಮಿನಾ ಹೋಗಿದ್ದರು. ಮರುದಿನ ಬೆಳಿಗ್ಗೆ ನಾನು ಟ್ರಂಕು ಕಟ್ಟುವಾಗ ಅವರು ಚಹಾ ತಂದು ಕೂತು ಎಲ್ಲ ಹೇಳಿದರು.

ಕುರ್ಚಿಗಳ ಪ್ಲಾಸ್ಟಿಕ್ಕು ತೆಗೆದಿದ್ದರಂತೆ. ಹೆಂಗಸರು ಸ್ವಲ್ಪ ಹೊತ್ತು ಅವುಗಳ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಆಮೇಲೆ ಒಬ್ಬೊಬ್ಬರಾಗಿ ಕಾರ್ಪೆಟ್ಟಿಗೆ ಇಳಿದರಂತೆ. ಫ್ರೆಂಚ್ ಪೆಟ್ಟಿಗೆಯ ಅಮೃತಶಿಲೆಯ ಮೇಲೆ ಯಾರೋ ಬಿಸಿ ಕಾಫಿಯ ಹೂಜಿ ಇಟ್ಟರಂತೆ.

"ನನ್ನ ತೇಪೆ ಯಾರಾದ್ರೂ ನೋಡಿದ್ರಾ?" ಎಂದೆ. ಕೇಳದೆ ಇರಲಾಗಲಿಲ್ಲ.

"ಅದರ ಹತ್ತಿರ ಯಾರೂ ಹೋಗ್ಲೇ ಇಲ್ಲ ಮಾಸ್ಟ್ರೇ. ಎಲ್ಲ ಅಜ್ಜಿಯ ಸಂದೂಕದ ಸುತ್ತ. ಅವರು ಮುಚ್ಚಳ ತೆಗೆದು ಮೊಮ್ಮಗಳ ಬಟ್ಟೆ ಎಲ್ಲ ಒಳಗೆ ಇಟ್ರು. ಆಗ ಒಬ್ಬರು ದೊಡ್ಡ ಹೆಂಗಸು ಒಳಗೆ ಬಗ್ಗಿ ನೋಡಿ, ಹಿಂದೆ ಈ ಬಿಳಿ ಹಲಗೆ ಯಾವುದು ಅಂತ ಕೇಳಿದ್ರು. ಅಜ್ಜಿಯನ್ನು ನೋಡ್ಕೊಳ್ಳುವ ನರ್ಸಮ್ಮ ಅವರ ಮಾತು ನನಗೆ ಹಿಂದಿಯಲ್ಲಿ ಹೇಳಿದ್ರು."

"ಹಜ್ಜಾ ಏನಂದ್ರು?"

"ಅದು ಫ್ರಾನ್ಸಿನದ್ದು, ನಮ್ಮ ಮರದಷ್ಟು ಗಟ್ಟಿ ಅಲ್ಲ, ಆದ್ರೆ ಹಿಂದುಗಡೆಗೆ ನಡೀತದೆ ಅಂದ್ರು."